ಬೀದಿಯ ಮರಿಯೋ, ಬೆಲೆಯ ಮರಿಯೋ?

ಮನೆಗೊಂದು ನಾಯಿಮರಿ ಬೇಕೆಂಬ ಬೇಡಿಕೆ ಸಾಮಾನ್ಯವಾಗಿ ಮನೆಯ ಅತ್ಯಂತ ಕಿರಿಯರ ಬಾಯಿಂದ ಹೊರಡುತ್ತದೆ. ಅದನ್ನು ಸಾಕುವ ಹೊಣೆ ಮಾತ್ರ ಮನೆಯೊಡತಿಯ ತಲೆಯ ಮೇಲೆ ಬಂದು ಕೂಡುತ್ತದೆ. ಈ ಎರಡರ ನಡುವೆ ನಡೆಯಬೇಕಾದ ವಿಚಾರ ನಮ್ಮ ಮನೆಗಳಲ್ಲಿ ನಡೆಯುವುದು ಅಪರೂಪ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುವ, ಎತ್ತು ಕೊಳ್ಳುವಾಗ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ನಮ್ಮ ಜನ, ಹನ್ನೆರಡು ಹದಿನಾಲ್ಕು ವರ್ಷ ತಮ್ಮೊಡನೆ ಬಾಳಬೇಕಾದ ಜೀವವೊಂದನ್ನು ಒಂದು ಸಂಜೆಯ ಮೋಹಕ್ಕೆ ಒಳಗಾಗಿ ಮನೆಗೆ ತಂದುಬಿಡುತ್ತಾರೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಎರಡು ಮುಖಗಳುಂಟು. ಮುಧೋಳ ನಮಗೆ ದೂರವಲ್ಲ; ಆ ಕಡೆ ಬೀಗರಿಲ್ಲದ ಮನೆತನಗಳೂ ಕಡಿಮೆ. ಹೀಗಾಗಿ 'ತರುವುದಾದರೆ ಮುಧೋಳದ ಮರಿಯನ್ನೇ ತರೋಣ' ಎಂಬ ಮಾತು ಮನೆಯ ಗಂಡಸರಿಂದ ಬರುತ್ತದೆ. ಅದೇ ಹೊತ್ತಿಗೆ ಓಣಿಯ ಮೂಲೆಯಲ್ಲಿ, ಗಟಾರದ ಮಗ್ಗುಲಲ್ಲಿ, ಬೀದಿಯ ನಾಯಿಯೊಂದು ಐದಾರು ಮರಿ ಹಾಕಿರುತ್ತದೆ. ಮಕ್ಕಳು ಆಗಲೇ ಅವಕ್ಕೆ ಹೆಸರನ್ನೂ ಇಟ್ಟಿರುತ್ತಾರೆ. ಬೆಲೆ ಕೊಟ್ಟು ತರುವುದು ಲೇಸೋ, ಬೀದಿಯ ಮರಿಯನ್ನು ಎತ್ತಿಕೊಂಡು ಸಾಕುವುದು ಲೇಸೋ? ಈ ವಿಷಯವನ್ನು ನಾಲ್ಕೂ ಕಡೆಯಿಂದ ತೂಗಿ ನೋಡುವುದು ನಮ್ಮ ಓದುಗ ಕುಟುಂಬಗಳಿಗೆ ಉಪಯುಕ್ತವಾದೀತೆಂದು ನಾವು ಭಾವಿಸಿದ್ದೇವೆ.

ನಾಯಿ ನಮಗೆ ಹೊಸದಲ್ಲ

ನಾಯಿಯೊಡನೆ ನಮ್ಮ ಜನರ ನಂಟು ಇಂದು ನಿನ್ನೆಯದಲ್ಲ. ಮೈಲಾರಲಿಂಗನಿದ್ದಲ್ಲಿ ನಾಯಿಯೂ ಇದ್ದೇ ಇರುತ್ತದೆ. ಮರಾಠಿ ಬಾಂಧವರು ಖಂಡೋಬಾ ಎಂದು ಕರೆಯುವ ಅದೇ ದೇವರ ಗುಡಿ ಸೊಲ್ಲಾಪುರದ ಮಗ್ಗುಲಿನ ಬಾಳೆ ಗ್ರಾಮದಲ್ಲಿಯೂ ಉಂಟು. ದೋಣಿಯಲ್ಲಿಟ್ಟ ಎಡೆಯನ್ನು ಗೊರವರು ನಾಯಿಗಳಂತೆ ಬೊಗಳುತ್ತ, ಕೈ ತಾಗಿಸದೆ ಬಾಯಿಂದಲೇ ಸ್ವೀಕರಿಸುವ ದೋಣಿ ಸೇವೆಯನ್ನು ಕಂಡವರು ನಮ್ಮಲ್ಲಿ ಅನೇಕರು. ದತ್ತಾತ್ರೇಯನ ಪಾದದ ಬಳಿ ನಾಲ್ಕು ನಾಯಿಗಳು. ಅವು ನಾಲ್ಕು ವೇದಗಳ ಸಂಕೇತವೆನ್ನುತ್ತಾರೆ. ಅಕ್ಕಲಕೋಟೆಗೂ ಗಾಣಗಾಪುರಕ್ಕೂ ನಡೆದುಕೊಳ್ಳುವ ಮನೆಗಳಲ್ಲಿ ಆ ಪಟವಿಲ್ಲದ ಜಗಲಿ ಸಿಗುವುದು ಕಷ್ಟ.

ಕನ್ನಡದ ಶಾಸನಗಳಲ್ಲಿಯೂ ನಾಯಿಗೆ ಗೌರವದ ಸ್ಥಾನ ದೊರೆತಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನ ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರನ್ನು ಗೆದ್ದ ಸಂದರ್ಭವದು. ಗಂಗರ ಬೂತುಗನ ಕಡೆಯ ವೀರನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಬೇಡಿ ಪಡೆದದ್ದು 'ಕಾಳಿ' ಎಂಬ ಬೇಟೆ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದೆಯೇ ನಾಯಿಯೊಂದಕ್ಕೆ ಕಲ್ಲು ನೆಟ್ಟ ನಾಡು ನಮ್ಮದು.

ಆದರೆ ಪೂಜೆ ಬೇರೆ, ಪೋಷಣೆ ಬೇರೆ. ದತ್ತನ ಪಟಕ್ಕೆ ಕೈಮುಗಿದು ಹೊರಬಂದವರೇ ಕಟ್ಟೆಯ ಕೆಳಗೆ ಮಲಗಿದ ನಾಯಿಗೆ ಕಲ್ಲೆಸೆಯುವುದನ್ನು ನಾವು ದಿನವೂ ಕಾಣುತ್ತೇವೆ. ಆದುದರಿಂದ ಭಕ್ತಿಯನ್ನಾಗಲಿ ಅಭಿಮಾನವನ್ನಾಗಲಿ ನಂಬಿ ನಾಯಿ ಸಾಕಲು ಹೊರಡಬಾರದು. ಲೆಕ್ಕ ಹಾಕಿ ಹೊರಡಬೇಕು.

ಮೊದಲು ಕೇಳಬೇಕಾದ ಪ್ರಶ್ನೆ

ಮರಿಯನ್ನು ಎಲ್ಲಿಂದ ತರಬೇಕೆಂಬುದು ಎರಡನೆಯ ಪ್ರಶ್ನೆ. ತರಬೇಕೋ ಬೇಡವೋ ಎಂಬುದು ಮೊದಲನೆಯದು. ಇಂದು ಮೂರನೆಯ ಇಯತ್ತೆಯಲ್ಲಿರುವ ಹುಡುಗ ಹಟ ಮಾಡಿ ತರಿಸಿದ ನಾಯಿ ಮುಪ್ಪಾಗುವ ಹೊತ್ತಿಗೆ, ಆ ಹುಡುಗ ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ನೌಕರಿ ಹಿಡಿದಿರುತ್ತಾನೆ. ಕಣ್ಣು ಮಂಜಾದ, ಮೆಟ್ಟಿಲು ಹತ್ತಲಾರದ ನಾಯಿಯ ಜೊತೆಗೆ ಮನೆಯಲ್ಲಿ ಉಳಿಯುವವರು ತಂದೆತಾಯಿಗಳು. ಅವರು ಈ ಹೊಣೆಯನ್ನು ಇಂದೇ ಮನಸಾರೆ ಒಪ್ಪಿದ್ದಾರೆಯೇ?

ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಎಳೆಯ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಉಣಿಸಬೇಕು, ಅಷ್ಟೇ ಸಲ ಹೊರಗೆ ಕರೆದೊಯ್ಯಬೇಕು. ಬೆಳಿಗ್ಗೆ ಬೀಗ ಹಾಕಿ ಸಂಜೆ ತೆಗೆಯುವ ಮನೆಯಲ್ಲಿ ಮರಿ ಸಾಕುವುದು ಅದಕ್ಕೆ ಶಿಕ್ಷೆ ಕೊಟ್ಟಂತೆಯೇ ಸರಿ. ಸಂಕ್ರಾಂತಿಯ ಸಿದ್ಧರಾಮೇಶ್ವರನ ಜಾತ್ರೆಗೆ ನಂಟರು ಬಂದು ಮನೆ ತುಂಬಿದಾಗ ಅದನ್ನು ಎಲ್ಲಿಡುವಿರಿ? ಮೇ ತಿಂಗಳಲ್ಲಿ ಮದುವೆಗೆಂದು ಎಂಟು ದಿನ ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು? ಬಾಡಿಗೆಯ ಮನೆಯಾದರೆ ಮಾಲಕರ ಒಪ್ಪಿಗೆ ಇದೆಯೇ? ಮನೆಯಲ್ಲಿ ದಮ್ಮಿನ ಕಾಯಿಲೆಯವರು, ಹಾಸಿಗೆ ಹಿಡಿದವರು, ಹಾಲುಗೂಸು ಇದ್ದಾರೆಯೇ? ಇವುಗಳಲ್ಲಿ ಎರಡು ಮೂರು ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ದೊರೆಯದಿದ್ದರೆ ಮರಿಯ ಮಾತನ್ನು ಮುಂದೂಡುವುದೇ ವಿವೇಕ.

ತಂದು, ಬೇಡವಾದಾಗ ಊರ ಹೊರಗೆ ಬಿಟ್ಟು ಬರುವವರೂ ಇದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಹೇಳುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಮನುಷ್ಯನ ಪಾಲಿಗೆ ಅದು ಒಂದು ಚಹದ ಖರ್ಚು; ಮನೆಯ ಅನ್ನ ಉಂಡು ಬೆಳೆದು, ಬೀದಿಯ ರೀತಿ ಅರಿಯದ ನಾಯಿಯ ಪಾಲಿಗೆ ಮಾತ್ರ ಅದು ಮರಣ. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದೂ ಅಪರಾಧವೇ. 2023ರ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಅದಕ್ಕೆ ಆರು ತಿಂಗಳವರೆಗಿನ ಸೆರೆಯನ್ನಾಗಲಿ, ಐದು ಸಾವಿರ ರೂಪಾಯಿವರೆಗಿನ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸುತ್ತದೆ.

ಬೆಲೆ ಕೊಟ್ಟು ತರುವ ಮರಿ

ಇಷ್ಟಾದ ಮೇಲೂ ಮನೆಮಂದಿಯ ಮನಸ್ಸು ಗಟ್ಟಿಯಾಗಿದ್ದರೆ ಎರಡನೆಯ ಪ್ರಶ್ನೆಗೆ ಬರಬಹುದು. ನಮ್ಮ ಭಾಗದಲ್ಲಿ ಕೊಳ್ಳುವ ಮಾತು ಬಂದೊಡನೆ ಮುಧೋಳದ ಹೆಸರು ಬರುವುದು ಸಹಜ. ಸಣ್ಣ ನಡು, ಇಳಿಬಿದ್ದ ಆಳವಾದ ಎದೆ, ಉದ್ದ ಮೋರೆ, ಗಾಳಿಗೆ ಸಾಟಿಯಾದ ಓಟ ಇದರ ಲಕ್ಷಣಗಳು. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ತಳಿಗೆ ಆಶ್ರಯವಿತ್ತು ಬೆಳೆಸಿದರು. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಿತ್ತುದರಿಂದಲೇ 'ಮುಧೋಳ ಹೌಂಡ್' ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರಡಿಸಿದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಒಂದು ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಭೂಸೇನೆಯವರು ಇದರ ಮರಿಗಳನ್ನು ಮೀರತ್ತಿನ ತಮ್ಮ ಕೇಂದ್ರಕ್ಕೆ ತರಬೇತಿಗಾಗಿ ಒಯ್ದರು. ಆ ಸೀಮೆಯ ಎಷ್ಟೋ ಕುಟುಂಬಗಳಿಗೆ ಈ ಮರಿಗಳ ಮಾರಾಟ ಉಪಜೀವನಕ್ಕೆ ಆಸರೆಯಾಗಿದೆ. ನಮ್ಮ ನೆಲದ ತಳಿಯೊಂದು ಉಳಿದು ಬರಲು ಕೊಳ್ಳುವವರೂ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಅಭಿಮಾನದಿಂದ ಅಂಗಳ ದೊಡ್ಡದಾಗುವುದಿಲ್ಲ. ಈ ನಾಯಿ ಎರಡು ಅಡಿಗೂ ಮಿಕ್ಕು ಎತ್ತರ ಬೆಳೆಯುತ್ತದೆ. ದಿನವೂ ಮೈತುಂಬ ಓಡಬೇಕು. ಕಣ್ಣಿಗೆ ಬಿದ್ದ ಬೆಕ್ಕು, ಕೋಳಿ, ಆಡಿನ ಮರಿಗಳನ್ನು ಅಟ್ಟಿ ಹೋಗುವುದು ಅದರ ರಕ್ತದ ಗುಣ. ಪರಕೀಯರು ಮೈಮುಟ್ಟುವುದು ಅದಕ್ಕೆ ಸೇರದು. ಹತ್ತಿಪ್ಪತ್ತು ಎಕರೆ ಹೊಲವಿದ್ದು, ಹೊಲದಲ್ಲಿಯೇ ವಾಸವಿರುವ ಜತ್ತ ತಾಲೂಕಿನ ಒಕ್ಕಲಿಗನಿಗೆ ಇದು ಒಪ್ಪುವಷ್ಟು, ಮೂರನೆಯ ಮಜಲೆಯ ಎರಡು ಕೋಣೆಗಳ ಬಿಡಾರಕ್ಕೆ ಒಪ್ಪದು. ಹೊಲದಲ್ಲಿದ್ದವರೂ ಒಂದು ಮಾತು ನೆನಪಿಡಬೇಕು. ಮೊಲದ ಬೇಟೆ ಹಿಂದೆ ಊರ ವಿನೋದವಾಗಿತ್ತು. 1972ರ ವನ್ಯಜೀವಿ ಸಂರಕ್ಷಣ ಕಾಯಿದೆ ಬಂದ ಮೇಲೆ ಅದು ವಿನೋದವಲ್ಲ, ಅಪರಾಧ.

ಕೊಳ್ಳುವವರಿಗೆ ಕಾಯಿದೆಯ ಬೆಂಬಲವೂ ಇದೆ. 2017ರ ನಾಯಿ ತಳಿಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿಸಾಕಣೆದಾರನು ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ತೆಗೆಯಬಾರದು. ಆದುದರಿಂದ ಮಾರುವವನಲ್ಲಿಗೆ ಖುದ್ದಾಗಿ ಹೋಗಿ ನೋಂದಣಿಯ ಪತ್ರವನ್ನೂ ಲಸಿಕೆಯ ಪುಸ್ತಕವನ್ನೂ ಕೇಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ತಾಯಿಯನ್ನು ತೋರಿಸೆಂದು ಕೇಳಿರಿ. ತಾಯಿ ಎಲುಬು ಕಾಣುವಂತೆ ಸೊರಗಿದ್ದರೆ, ಮನುಷ್ಯರನ್ನು ಕಂಡು ಮೂಲೆ ಸೇರಿದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಹಿಂದಿರುಗಿ ಬನ್ನಿರಿ. ತಾಯಿಯನ್ನು ತೋರಿಸಲು ನೆವ ಹೇಳುವವನು, ಬುಟ್ಟಿಯಲ್ಲಿ ಮರಿ ಹೊತ್ತು ಸಂತೆಗೆ ಬಂದವನು, ಬಸ್ ನಿಲ್ದಾಣದಲ್ಲಿ ಮರಿ ಕೈಗಿತ್ತು ಹಣ ಎಣಿಸಿಕೊಂಡು ಹೋಗುವವನು, ಈ ಮೂವರಿಂದ ಎಂದೂ ಕೊಳ್ಳಬಾರದು. 'ಪಾಪ' ಎಂದು ಕೊಂಡ ಒಂದು ಮರಿಯ ಹಣ, ಅದರ ತಾಯಿ ಮತ್ತೊಮ್ಮೆ ಬಸಿರಾಗಲು ಬಂಡವಾಳವಾಗುತ್ತದೆ.

ಚಳಿನಾಡಿನ ನಾಯಿ, ಸೊಲ್ಲಾಪುರದ ಬಿಸಿಲು

ಚಿತ್ರಗಳಲ್ಲಿ ನೋಡಿ ಮೆಚ್ಚಿದ ವಿದೇಶೀ ತಳಿಗಳನ್ನು ತರುವ ಹವ್ಯಾಸವೂ ಈಗ ನಮ್ಮ ನಗರಗಳಲ್ಲಿ ಬೆಳೆದಿದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದರಿಂದಲೇ ಅದು ಮೈಯ ಕಾವನ್ನು ಕಳೆದುಕೊಳ್ಳಬೇಕು. ಹಿಮದ ಮೇಲೆ ಬಂಡಿಯೆಳೆಯಲು ಹುಟ್ಟಿದ ಹಸ್ಕಿಯನ್ನು ನಾಲ್ವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ತಂದು, ಪತ್ರೆಯ ಮಾಡಿನ ಕೆಳಗೆ ಕಟ್ಟುವುದು ಕ್ರೌರ್ಯವಲ್ಲದೆ ಮತ್ತೇನು? ಮೂಗು ಒಳಸೇರಿದ ಪಗ್ ನಾಯಿಗೆ ಉಸಿರಾಟವೇ ತೊಡಕು. ಬಿಸಿಲು ಏರಿದಾಗ ಅದರ ಪ್ರಾಣಕ್ಕೇ ಸಂಚಕಾರ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಚಪ್ಪೆಯ ಕೀಲಿನ ದೋಷ ವಂಶದಿಂದ ಬರುವುದುಂಟು. ಇವುಗಳ ಮರಿ ಕೊಳ್ಳುವವರು ತಂದೆತಾಯಿ ನಾಯಿಗಳ ಕೀಲುಗಳು ನೆಟ್ಟಗಿವೆಯೇ ಎಂದು ವಿಚಾರಿಸಬೇಕು. ಹತ್ತಾರು ಸಾವಿರ ತೆತ್ತು ತಂದ ನಾಯಿಗೆ ಮತ್ತೆ ಹತ್ತಾರು ಸಾವಿರ ಔಷಧಕ್ಕೆ ಸುರಿಯುವ ಪ್ರಸಂಗ ಬಂದಾಗಲೇ ಅನೇಕ ನಾಯಿಗಳು ಬೀದಿಗೆ ಬೀಳುವುದು.

ಬೀದಿಯಿಂದ ಬರುವ ಮರಿ

ನಮ್ಮ ಓಣಿಯ ನಾಯಿಗೆ ವಂಶಾವಳಿಯ ಕಾಗದವಿಲ್ಲ. ಆದರೆ ಎಷ್ಟೋ ತಲೆಮಾರುಗಳಿಂದ ಇದೇ ಬಿಸಿಲು, ಇದೇ ಮಳೆ, ಇದೇ ಹಸಿವುಗಳನ್ನು ಉಂಡು ಉಳಿದು ಬಂದ ಮೈ ಅದರದು. ಒಂದೇ ರಕ್ತದೊಳಗೆ ಮತ್ತೆ ಮತ್ತೆ ಸಂತತಿ ಬೆಳೆಸಿದ ತಳಿಗಳಲ್ಲಿ ಕಾಣುವ ವಂಶಪಾರಂಪರ್ಯದ ರೋಗಗಳು ಇದರಲ್ಲಿ ಕಡಿಮೆ. ಗಿಡ್ಡ ಕೂದಲು, ಹದವಾದ ಗಾತ್ರ, ಚುರುಕು ಬುದ್ಧಿ. ಸಣ್ಣ ಮನೆಗೂ ಹೊಂದಿಕೊಳ್ಳುವ ಗುಣ. ಕಾವಲಿಗೆ ಇದಕ್ಕಿಂತ ಎಚ್ಚರದ ನಾಯಿ ಬೇಕಿಲ್ಲ.

ಇಲ್ಲಿಯೂ ಎಚ್ಚರ ಬೇಕು. ಕಣ್ಣು ತೆರೆದೊಡನೆ ಮರಿಯನ್ನು ಎತ್ತಿ ತರಬಾರದು. ಎಂಟು ವಾರ ತಾಯಿಯ ಮತ್ತು ಒಡಹುಟ್ಟಿದ ಮರಿಗಳ ಜೊತೆ ಇದ್ದರೇನೇ ಅದಕ್ಕೆ ಕಚ್ಚುವ ಬಲದ ಮಿತಿ ತಿಳಿಯುತ್ತದೆ. ಆಟದಲ್ಲಿ ಜೋರಾಗಿ ಕಚ್ಚಿದರೆ ಒಡಹುಟ್ಟಿದ ಮರಿ ಚೀರಿ ಆಟ ಬಿಡುತ್ತದೆ, ಅದೇ ಅದರ ಪಾಠಶಾಲೆ. ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಮನುಷ್ಯರ ಕೈ, ಮಕ್ಕಳ ಗದ್ದಲ, ವಾಹನಗಳ ಸದ್ದು ಇವುಗಳಿಗೆ ಹೊಂದಿಕೊಂಡ ಮರಿ ಮುಂದೆ ಅಂಜುಬುರುಕ ಆಗದು. ಅಂಜಿದ ನಾಯಿಯೇ ಹೆಚ್ಚಾಗಿ ಕಚ್ಚುವ ನಾಯಿ. ಆದುದರಿಂದ ತರುವ ಮೊದಲೇ ಎರಡು ಮೂರು ವಾರ ಅಲ್ಲಿಯೇ ಹೋಗಿ ಕೈಯಾರೆ ಉಣಿಸಿ, ಪರಿಚಯ ಬೆಳೆಸುವುದು ಒಳ್ಳೆಯದು. ಮರಿ ತಂದ ದಿನವೇ ಪಶುವೈದ್ಯರಿಗೆ ತೋರಿಸಬೇಕು. ಹೊಟ್ಟೆಯ ಹುಳು, ಉಣ್ಣೆ, ಕಜ್ಜಿ ಇವು ಬೀದಿಯ ಮರಿಗೆ ಇದ್ದೇ ಇರುತ್ತವೆ.

ಹೆಣ್ಣುಮರಿ ಬೇಡವೆನ್ನುವ ರೂಢಿಯನ್ನು ಇಲ್ಲಿ ಪ್ರಸ್ತಾಪಿಸದೆ ಗತಿಯಿಲ್ಲ. ಓಣಿಯ ಗಂಡುಮರಿಗಳು ಹೇಗೋ ಮನೆ ಸೇರುತ್ತವೆ. ಹೆಣ್ಣುಮರಿಗಳು ಗಟಾರದಲ್ಲಿಯೇ ಉಳಿಯುತ್ತವೆ, ಇಲ್ಲವೆ ಚೀಲದಲ್ಲಿ ಕಟ್ಟಿ ಊರ ಹೊರಗೆ ಒಗೆಯಲ್ಪಡುತ್ತವೆ. ಹಾಗೆ ಉಳಿದ ಒಂದು ಹೆಣ್ಣು ವರ್ಷಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕಾರು ಮರಿ ಹಾಕಬಲ್ಲದು. ಗರ್ಭ ತೆಗೆಯುವ ಶಸ್ತ್ರಕ್ರಿಯೆ ಈಗ ಸಾಮಾನ್ಯ. ಅದರಿಂದ ಗರ್ಭಕೋಶದ ಕೀವಿನ ರೋಗ ತಪ್ಪುತ್ತದೆ. ಕೆಚ್ಚಲಿನ ಗಡ್ಡೆಗಳೂ ಕಡಿಮೆಯಾಗುತ್ತವೆ. ಹೆಣ್ಣುಮರಿಯನ್ನು ಆರಿಸಿ, ವೈದ್ಯರು ಹೇಳಿದ ವಯಸ್ಸಿಗೆ ಶಸ್ತ್ರಕ್ರಿಯೆ ಮಾಡಿಸಿದ ಕುಟುಂಬವು ಒಂದು ಜೀವವನ್ನು ಉಳಿಸುವುದರ ಜೊತೆಗೆ ನೂರಾರು ಜೀವಗಳ ಬವಣೆಯನ್ನೂ ತಪ್ಪಿಸುತ್ತದೆ.

ಬೀದಿನಾಯಿಗಳ ವಿಷಯ 2025ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಏರಿತು. ಆ ವರ್ಷದ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ಬೀದಿನಾಯಿಯನ್ನು ಮನೆಗೆ ಒಯ್ದು ಸಾಕಲು ಇಚ್ಛಿಸುವವರು ನಗರಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಒಯ್ದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಒಯ್ದವರ ಹೊಣೆಯೆಂದೂ ನ್ಯಾಯಾಲಯ ಹೇಳಿತು. ಅಂದರೆ ಸಾಕಿಕೊಳ್ಳುವುದು ಕೇವಲ ಕರುಣೆಯ ಮಾತಲ್ಲ. ನಾಗರಿಕನು ಊರಿಗೆ ಕೊಡುವ ಮುಚ್ಚಳಿಕೆಯಿದ್ದಂತೆ.

ಹುಚ್ಚುನಾಯಿ ರೋಗ: ಮರೆಯಬಾರದ ಮಾತು

ಮರಿ ಬೆಲೆಯದಿರಲಿ, ಬೀದಿಯದಿರಲಿ, ಈ ಒಂದು ವಿಷಯದಲ್ಲಿ ಭೇದವಿಲ್ಲ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಗಳಿಂದಲೇ ಬರುತ್ತದೆ. ಜಗತ್ತಿನ ರೇಬೀಸ್ ಮರಣಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ಭಾರತದಲ್ಲಿಯೇ ಸಂಭವಿಸುತ್ತವೆಯೆಂದೂ, ಹಾಗೆ ಬಲಿಯಾಗುವವರಲ್ಲಿ ಮಕ್ಕಳ ಪಾಲು ದೊಡ್ಡದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ; ಅದಕ್ಕೆ ಮೊದಲು ಚಿಕಿತ್ಸೆ ಪಡೆದರೆ ಸಾಯುವವರು ಅಷ್ಟೇ ವಿರಳ. 1885ರಲ್ಲಿ ಲೂಯಿ ಪಾಶ್ಚರ್ ಈ ಲಸಿಕೆಯನ್ನು ಮೊದಲ ಬಾರಿ ಒಬ್ಬ ಬಾಲಕನಿಗೆ ಕೊಟ್ಟನು. ನೀಲಗಿರಿಯ ನಮ್ಮ ಬಾಂಧವರಿಗೆ ಪರಿಚಿತವಾದ ಕೂನೂರಿನ ಪಾಶ್ಚರ್ ಸಂಸ್ಥೆ 1907ರಿಂದ ನಿಂತಿದೆ. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದುಗಳೆಂಬ ಹೆದರಿಕೆ ಈಗ ಹಳೆಯ ಕಥೆ. ತೋಳಿಗೆ ಕೊಡುವ ನಾಲ್ಕೈದು ಚುಚ್ಚುಮದ್ದುಗಳಲ್ಲಿ ಕೆಲಸ ಮುಗಿಯುತ್ತದೆ.

ಕಚ್ಚಿದರೆ, ಹಲ್ಲು ಅಥವಾ ಉಗುರು ತಾಗಿ ರಕ್ತ ಬಂದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಸಿನ ಯಾವುದನ್ನೂ ತುಂಬಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಮದ್ದನ್ನೂ ಕೇಳಬೇಕು. 'ಎಳೆ ಮರಿ, ಅದಕ್ಕೇನು ಹುಚ್ಚು' ಎಂಬ ಮಾತು ಸುಳ್ಳು. ಹುಚ್ಚುನಾಯಿ ಕಚ್ಚಿದ್ದರೆ ಮರಿಗೂ ಆ ರೋಗ ಬರುತ್ತದೆ.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಮತ್ತೊಮ್ಮೆ ಕೊಡಿಸಿ, ಮುಂದೆ ವರ್ಷ ವರ್ಷವೂ ತಪ್ಪದೆ ಹಾಕಿಸಬೇಕು. ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಹದಿನಾರನೆಯ ವಾರದವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಡಿಸ್ಟೆಂಪರ್ ಮತ್ತು ಪಾರ್ವೋ ರೋಗಗಳ ಲಸಿಕೆ ಕೊಡಿಸಬೇಕು. 1978ರ ಸುಮಾರಿಗೆ ಜಗತ್ತಿನಾದ್ಯಂತ ಹಬ್ಬಿದ ಪಾರ್ವೋ ರೋಗ ರಕ್ತಭೇದಿಯಾಗಿ ಮರಿಗಳನ್ನು ಎರಡು ಮೂರು ದಿನಗಳಲ್ಲಿ ಕೊಲ್ಲುತ್ತದೆ. ಅದರ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಒಂದು ಮರಿ ಹೀಗೆ ಸತ್ತ ಅಂಗಳಕ್ಕೆ ಲಸಿಕೆಯಿಲ್ಲದ ಮತ್ತೊಂದು ಮರಿಯನ್ನು ತರಬಾರದು.

ಉಣಿಸುವ ವಿಷಯ

ಜೋಳದ ರೊಟ್ಟಿ, ಹಾಲು ಇದ್ದರೆ ಸಾಕೆಂಬುದು ನಮ್ಮಲ್ಲಿಯ ತಿಳುವಳಿಕೆ. ರೊಟ್ಟಿ ಅನ್ನಗಳು ಹೊಟ್ಟೆ ತುಂಬಿಸುತ್ತವೆ. ಮೈ ಕಟ್ಟಲು ತತ್ತಿ, ಮಾಂಸ ಇಲ್ಲವೆ ಮರಿಗಳಿಗೆಂದೇ ತಯಾರಿಸಿದ ಆಹಾರ ಬೇಕು. ಮನೆಯಲ್ಲಿ ಇವಕ್ಕೆ ಅವಕಾಶವಿಲ್ಲದಿದ್ದರೆ ವೈದ್ಯರ ಸಲಹೆ ಕೇಳಿಯೇ ಆಹಾರ ಗೊತ್ತುಮಾಡಬೇಕು. ಬೇಯಿಸಿದ ಎಲುಬು ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕಲೇಟು ನಾಯಿಗೆ ವಿಷ. ದ್ರಾಕ್ಷಿಯ ತೋಟಗಳೂ ಒಣದ್ರಾಕ್ಷಿಯ ಚಪ್ಪರಗಳೂ ಇರುವ ನಮ್ಮ ಸೀಮೆಯಲ್ಲಿ ಮತ್ತೊಂದನ್ನು ಒತ್ತಿ ಹೇಳಬೇಕು: ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಮಕ್ಕಳು ಪ್ರೀತಿಯಿಂದ ಕೊಟ್ಟ ಒಂದು ಹಿಡಿ ಅದರ ಪ್ರಾಣಕ್ಕೆ ಮುಳುವಾದೀತು.

ಒಂದು ಮನೆಯ ನಿರ್ಧಾರ

ನಮಗೆ ಪರಿಚಿತವಾದ ಸೊಲ್ಲಾಪುರದ ಕುಟುಂಬವೊಂದರಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತ. ತಂದೆಗೆ ಮುಧೋಳದ ಮರಿಯ ಹಂಬಲ. ಮಗಳಿಗೆ ಓಣಿಯ ಕಪ್ಪು ಮರಿಯ ಮೇಲೆ ಕಣ್ಣು. ತಾಯಿಯದು ಒಂದೇ ಮಾತು: "ತರಾವ್ರು ನೀವು, ಅದರ ಹೊಲಸ ತೆಗೆಯಾಕಿ ನಾನು." ಜತ್ತ ತಾಲೂಕಿನ ಹಳ್ಳಿಯಿಂದ ಬಂದ ಅಜ್ಜಿ ಮಗನಿಗೆ ಬುದ್ಧಿ ಹೇಳಿದರು: "ತಮ್ಮಾ, ಓಡೂ ನಾಯಿ ತಂದು ಕಟ್ಟಿ ಹಾಕಿದ್ರ ಅದು ನಾಯಿ ಆಗಿ ಉಳಿಯೂದಿಲ್ಲ, ಬರೇ ಸಿಟ್ಟ ಆಗತದ." ಮುಧೋಳದ ಮಾತು ಅಲ್ಲಿಗೆ ನಿಂತಿತು.

ಆದರೆ ಅಜ್ಜಿ ಓಣಿಯ ಮರಿಗೂ ಒಪ್ಪಲಿಲ್ಲ. ಮಡಿಯ ಕಾರಣವೆಂದು ಎಲ್ಲರೂ ತಿಳಿದಿದ್ದರು. ನಿಜವಾದ ಕಾರಣ ಅಂದು ರಾತ್ರಿ ಹೊರಬಿತ್ತು. ಅವರು ಚಿಕ್ಕವರಿದ್ದಾಗ ಬೆನ್ನಿಗೆ ಬಿದ್ದ ತಮ್ಮನಿಗೆ ನಾಯಿಮರಿ ಕಚ್ಚಿತ್ತು. ಮನೆಯವರು ಮಂತ್ರ ಹಾಕಿಸಿ, ಗಾಯಕ್ಕೆ ಖಾರ ತುಂಬಿ ಸುಮ್ಮನಾಗಿದ್ದರು. ಎರಡು ತಿಂಗಳ ಮೇಲೆ ಆ ಹುಡುಗ ನೀರು ಕಂಡರೆ ಚೀರತೊಡಗಿ ತೀರಿಕೊಂಡ. ಅರವತ್ತು ವರ್ಷಗಳಿಂದ ಯಾರಿಗೂ ಹೇಳದ ಸಂಗತಿಯದು. ಆ ಮನೆಯವರು ಅಜ್ಜಿಯ ಭಯವನ್ನು ನಗೆಯಾಡಲಿಲ್ಲ. ಅದನ್ನೇ ನಿಯಮ ಮಾಡಿಕೊಂಡರು. ಒಂದು ತಿಂಗಳು ಮಕ್ಕಳು ದಿನವೂ ಬೆಳಿಗ್ಗೆ ಆರಕ್ಕೆ ಎದ್ದು, ನಾಯಿ ಇದೆಯೆಂದೇ ತಿಳಿದು ಅರ್ಧ ತಾಸು ನಡೆದು ಬರಬೇಕು. ಮರಿಗೆ ಮೂರು ತಿಂಗಳು ತುಂಬಿ, ವೈದ್ಯರು ನೋಡಿ ಲಸಿಕೆ ಹಾಕಿದ ಮೇಲೆಯೇ ಮನೆಗೆ ತರಬೇಕು. ಮಗ ಒಂಬತ್ತು ದಿನಕ್ಕೆ ಸೋತ. ಮಗಳು ತಿಂಗಳು ಪೂರ್ತಿ ನಡೆದಳು. ಕಪ್ಪು ಹೆಣ್ಣುಮರಿ ಮನೆಗೆ ಬಂತು.

ಬಂದ ವಾರದೊಳಗೆ ಆಟದಲ್ಲಿ ಅದರ ಹಲ್ಲು ಹುಡುಗಿಯ ಮುಂಗೈಗೆ ತಾಗಿ ರಕ್ತ ಬಂತು. ಲಸಿಕೆಗೆ ಇನ್ನೂ ಬಲ ಬರುವಷ್ಟು ದಿನಗಳಾಗಿರಲಿಲ್ಲ. ಮಗಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಗಡಿಯಾರ ನೋಡುತ್ತ ತೊಳೆದವರು ಅಜ್ಜಿ. ರಾತ್ರಿಯೇ ಸರಕಾರಿ ಆಸ್ಪತ್ರೆಗೆ ಹೊರಡಿಸಿದವರೂ ಅವರೇ. ಹುಡುಗಿಗೆ ಕೊಡಬೇಕಾದ ಚುಚ್ಚುಮದ್ದುಗಳೆಲ್ಲ ಸಂದವು. ಹತ್ತು ದಿನ ಮರಿಯ ಮೇಲೆ ಕಣ್ಣಿಟ್ಟರು. ಅದು ಆರೋಗ್ಯವಾಗಿಯೇ ಉಳಿಯಿತು. ಮರಿಯನ್ನು ಹೊರಗಟ್ಟಬೇಕೆಂದು ನೆರೆಯವರು ಹೇಳಿದಾಗ, ತಪ್ಪು ಮರಿಯದಲ್ಲ, ಹಲ್ಲು ಮೂಡುವ ವಯಸ್ಸಿನದೆಂದು ಉತ್ತರ ಕೊಟ್ಟವರು ಎಂದೂ ನಾಯಿ ಮುಟ್ಟದ ಆ ಹಿರಿಯ ಜೀವ. ಮುಂದೆ ಆ ಮರಿಗೂ, ಓಣಿಯಲ್ಲಿದ್ದ ಅದರ ತಾಯಿಗೂ ಶಸ್ತ್ರಕ್ರಿಯೆ ಮಾಡಿಸಿದರು.

ನಮ್ಮ ಅಭಿಪ್ರಾಯ

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಹೊಲ, ಅಂಗಳ, ಓಡಾಡಿಸಲು ಪುರಸೊತ್ತು ಇರುವವರು ನಮ್ಮ ನೆಲದ ತಳಿಯನ್ನು ಪ್ರಾಮಾಣಿಕನಾದ ಸಾಕಣೆದಾರನಿಂದ, ತಾಯಿಯನ್ನು ನೋಡಿ, ಧಾರಾಳವಾಗಿ ಕೊಳ್ಳಲಿ; ಅದು ತಪ್ಪಲ್ಲ. ನಗರದ ಸಾಧಾರಣ ಕುಟುಂಬಗಳಿಗೆ ಬೀದಿಯ ಮರಿಯೇ ಉತ್ತಮ. ಹಿರಿಯರಷ್ಟೇ ಇರುವ ಮನೆಗೆ ಮರಿಗಿಂತ, ಯಾರೋ ಬಿಟ್ಟುಹೋದ ಎರಡು ಮೂರು ವರ್ಷದ ಸೌಮ್ಯ ನಾಯಿ ಲೇಸು. ಅದರ ಸ್ವಭಾವ ಆಗಲೇ ಗೊತ್ತಿರುತ್ತದೆ, ಕಚ್ಚಿ ಹರಿಯುವ ವಯಸ್ಸು ಮುಗಿದಿರುತ್ತದೆ. ದಿನವೆಲ್ಲ ಬೀಗ ಹಾಕಿರುವ ಮನೆಗೆ ಯಾವ ನಾಯಿಯೂ ಬೇಡ. ಅಂಥವರು ಓಣಿಯ ನಾಯಿಗೊಂದು ತಟ್ಟೆ ನೀರಿಟ್ಟು, ಅದರ ಲಸಿಕೆಯ ಖರ್ಚು ಹೊತ್ತರೆ ಅದೇ ದೊಡ್ಡ ಉಪಕಾರ.

ಬೆಲೆ ಕೊಟ್ಟು ತಂದ ಮರಿಗೂ ಬೀದಿಯಿಂದ ಬಂದ ಮರಿಗೂ ಹೊಸ್ತಿಲು ದಾಟಿದ ಮೇಲೆ ಭೇದವಿಲ್ಲ. ಎರಡಕ್ಕೂ ಹಸಿವು ಒಂದೇ, ಕಾಯುವ ಕಣ್ಣು ಒಂದೇ. ಮನೆಮಂದಿ ಒಟ್ಟಾಗಿ ಕುಳಿತು, ಎಳೆಯರ ಆಸೆಯನ್ನೂ ಹಿರಿಯರ ಅಳುಕನ್ನೂ ಸಮನಾಗಿ ಕೇಳಿ, ಆಮೇಲೆಯೇ ಬಾಗಿಲು ತೆರೆಯಿರಿ. ಒಮ್ಮೆ ತೆರೆದ ಬಾಗಿಲನ್ನು ಅದರ ಕೊನೆಯ ಉಸಿರಿನವರೆಗೆ ಮುಚ್ಚದಿರಿ.